ಬಾಗಿಲು ತಟ್ಟಿದರೆ ಅರ್ಜೆಂಟ್ ಕೇಸು

ಡಾಕ್ಟರ ಕೆಲಸದಲ್ಲಿ ನಗು ಬರುವಂಥದ್ದು ಆಗುವುದೇ ನಗಬಾರದ ಹೊತ್ತಿನಲ್ಲಿ. ಆಗ ತುಟಿ ಕಚ್ಚಿಕೊಂಡು, ಆಮೇಲೆ ಮನೆಗೆ ಹೋಗಿ ನಗಬೇಕು. ನನ್ನ ಕಷ್ಟವೆಂದರೆ, ಮನೆಯಲ್ಲಿ ಜೊತೆಗೆ ನಗುವವರು ಯಾರೂ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ಮೈಸೂರು ಕಡೆಯಿಂದ ಸಿರುಗುಪ್ಪ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಗೆ ಬಂದ ಬ್ರಹ್ಮಚಾರಿ ನಾನು. ಒಬ್ಬನೇ ಬೇಯಿಸಿಕೊಂಡು ಒಬ್ಬನೇ ಉಣ್ಣುತ್ತಿದ್ದೆ. ರೇಡಿಯೋದಲ್ಲಿ ವಾರ್ತೆ ಓದುವವರು 'ನಮಸ್ಕಾರ' ಅಂದರೆ ನಾನೂ 'ನಮಸ್ಕಾರ' ಅನ್ನುತ್ತಿದ್ದೆ. ನನ್ನ ಬಾಗಿಲನ್ನು ಸುಮ್ಮನೆ ಯಾರೂ ತಟ್ಟುತ್ತಿರಲಿಲ್ಲ. ತಟ್ಟಿದರೆ ಎಲ್ಲೋ ಯಾರಿಗೋ ಏನೋ ಆಗಿದೆ ಎಂದೇ ಅರ್ಥ.

ಹಾವಿಗೆ ಚಿಕಿತ್ಸೆ

ಕಾಲುವೆ ನೀರು ಬಂದಮೇಲೆ ಗದ್ದೆಗಳಲ್ಲಿ ಹಾವು ಹೆಚ್ಚಾಗಿದ್ದವು. ಕಚ್ಚಿಸಿಕೊಂಡವರನ್ನು ಮಂತ್ರ ಹಾಕಿಸಲು ಊರೂರು ಸುತ್ತಿಸಿ, ಕೈಮೀರಿದ ಮೇಲೆ ನನ್ನ ಹತ್ತಿರ ತರುತ್ತಿದ್ದರು. ಇದು ನಿಲ್ಲಲಿ ಎಂದು ಹಚ್ಚೊಳ್ಳಿಯ ಸಂತೆಯಲ್ಲಿ ನಿಂತು ಭಾಷಣ ಮಾಡಿದೆ. "ಕಚ್ಚಿಸಿಕೊಂಡವರನ್ನು ಓಡಾಡಿಸಬೇಡಿ. ಯಾವ ಹಾವು ಎಂದು ಗೊತ್ತಾದರೆ ಔಷಧ ಕೊಡಲು ನಮಗೆ ಅನುಕೂಲ" ಎಂದೆ. ಜನ ತಲೆಯಾಡಿಸಿದರು.

ಸ್ವಲ್ಪ ದಿನಕ್ಕೇ ಒಂದು ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಬಂತು. ನಾಲ್ಕಾರು ಜನ ಇಳಿದು, ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟರು. ಒಳಗೇನೋ ಸರಿದಾಡುತ್ತಿತ್ತು.

"ಹಾವು ತಂದೀವ್ರಿ ಸಾರ್, ಜೀವಂತ."

"ಪೇಷಂಟ್ ಎಲ್ಲಿ?"

"ಮನಿಯಾಗ ಮಲಗ್ಯಾನ್ರಿ. ಓಡ್ಯಾಡಿಸಬ್ಯಾಡ್ರಿ ಅಂದಿದ್ರಲ್ಲ!"

ಬಟ್ಟೆ ಸರಿಸಿ ಇಣುಕಿದೆ. ವಿಷವಿಲ್ಲದ ನೀರುಹಾವು. ಆದರೂ ಮನಸ್ಸು ತಡೆಯದೆ ಅದೇ ಟ್ರ್ಯಾಕ್ಟರ್ ಹತ್ತಿ ಅವರ ಮನೆಗೆ ಹೋದೆ. ಆಸಾಮಿ ಗೋಡೆಗೆ ಒರಗಿ ರೊಟ್ಟಿ ತಿನ್ನುತ್ತಿದ್ದ. ನನ್ನನ್ನು ಕಂಡವನೇ ನೆಟ್ಟಗೆ ಕೂತು, ಗಾಬರಿಯಿಂದ ಕೇಳಿದ:

"ಹಾವು ಹೆಂಗೈತ್ರಿ?"

ಬಿದ್ದವರು ಯಾರು?

ರಾರಾವಿ ಕಡೆಯ ಅಣ್ಣತಮ್ಮಂದಿರು ಬಂಡಿಯಲ್ಲಿ ಬಂದರು. ಬಂಡಿ ತುಂಬ ರಕ್ತ. ಒಬ್ಬ ಅಂಗಾತ ಮಲಗಿದ್ದಾನೆ, ಎಚ್ಚರವಿಲ್ಲ. ಇನ್ನೊಬ್ಬ ತಲೆಯ ಮೇಲೆ ಟವೆಲ್ ಒತ್ತಿಕೊಂಡು ಎತ್ತು ಹೊಡೆಯುತ್ತಿದ್ದಾನೆ. ಮಲಗಿದ್ದವನನ್ನು ನಾನೂ ಸಿಸ್ಟರೂ ಎತ್ತಿ ಮಂಚಕ್ಕೆ ಹಾಕಿದೆವು. ನಾಡಿ ಸರಿ, ಉಸಿರು ಸರಿ. ಅಂಗಿ ಬಿಚ್ಚಿದೆವು, ಮಗುಚಿ ಹಾಕಿದೆವು, ಎಲ್ಲೂ ಒಂದು ಗೀರಿಲ್ಲ.

"ಇವನಿಗೆ ಪೆಟ್ಟು ಬಿದ್ದಿರೋದು ಎಲ್ಲಿ?" ಎಂದು ರೇಗಿದೆ.

ಟವೆಲಿನವನು ಬೆಂಚಿನ ಮೇಲೆ ತಣ್ಣಗೆ ಕೂತಿದ್ದ. "ಪೆಟ್ಟು ನನಗ ಬಿದ್ದೈತ್ರಿ. ನನ್ನ ರಗತ ನೋಡಿ ನಮ್ಮಣ್ಣ ಬಿದ್ದಾನ. ದೊಡ್ಡಾವ ಅಲ್ರಿ, ಮೊದ್ಲ ಅವನ್ನ ನೋಡ್ರಿ."

ಟವೆಲ್ ತೆಗೆದರೆ ಹಣೆ ಅಷ್ಟಗಲ ಸೀಳಿತ್ತು. ಹೊಲಿಗೆ ಶುರುಮಾಡುವಷ್ಟರಲ್ಲಿ ಅಣ್ಣ ಕಣ್ಣು ಬಿಟ್ಟ, ಸೂಜಿ ನೋಡಿದ, ಮತ್ತೆ ಬಿದ್ದ. ಕೊನೆಗೆ ಹಣೆಗೆ ಬ್ಯಾಂಡೇಜು ಸುತ್ತಿಸಿಕೊಂಡ ತಮ್ಮನೇ ಅಣ್ಣನನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಬಂಡಿಯಲ್ಲಿ ಮಲಗಿಸಿದ. ಸಿಸ್ಟರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಬಂಡಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ರಕ್ತ ನೋಡಿ ಮೂರ್ಛೆ ಹೋಗುವಂಥವರು ಈ ಸೀಮೆಯಲ್ಲಿ ಒಬ್ಬರಾದರೂ ಇದ್ದಾರೆಯೇ ಎಂದು ಲೆಕ್ಕ ಹಾಕಿದೆ. ಸಿಸ್ಟರನ್ನು ಕೇಳೋಣವೆನ್ನಿಸಿತು. ಅವರು ರಕ್ತ ನೋಡುತ್ತಲೇ ಬಿಸ್ಕತ್ತು ತಿನ್ನುವವರು.

ಹೋಳಿಗೆ

ಆಮೇಲೆ ಕುರುಗೋಡಿಗೆ ವರ್ಗವಾಯಿತು. ಅಲ್ಲಿಯೂ ಅದೇ ಒಂಟಿ ಒಲೆ. ಯುಗಾದಿಯ ದಿನ ಬೀದಿಯ ಎಲ್ಲ ಮನೆಯಿಂದಲೂ ಬೆಲ್ಲದ ವಾಸನೆ. ನಾನು ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡು ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಔಷಧದ ಬ್ಯಾಗ್ ಹಿಡಿದೇ ಬಾಗಿಲು ತೆಗೆದೆ. ಪಕ್ಕದ ಬೀದಿಯ ಶಾಲಾ ಮಾಸ್ತರರು.

"ಯಾರಿಗೆ? ಎಷ್ಟು ಹೊತ್ತಾಯ್ತು? ಪ್ರಜ್ಞೆ ಇದೆಯಾ?" ಎನ್ನುತ್ತಲೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಮಾಸ್ತರರು ನನ್ನ ಹಿಂದೆ ಓಡಿ ಬಂದರು.

"ನಿಲ್ರಿ ಸಾರ್! ಹೋಳಿಗಿ ಊಟಕ್ಕ ಕರಿಯಾಕ ಬಂದೀನ್ರಿ!"

ಹಾಗೇ ಅವರ ಮನೆಗೆ ಹೋದೆ. ತಪ್ಪೆಂದರೆ ಬ್ಯಾಗ್ ಕೈಯಲ್ಲೇ ಇತ್ತು. ಬ್ಯಾಗ್ ಕಂಡ ನೆಂಟರೆಲ್ಲ ಸಾಲಾಗಿ ಬಂದು ನಾಲಿಗೆ ತೋರಿಸಿದರು, ಮೊಣಕಾಲು ಒತ್ತಿಸಿಕೊಂಡರು. ನನ್ನ ಎಲೆಗೆ ಹೋಳಿಗೆ ಬೀಳುವಾಗ ಎಲ್ಲರೂ ಉಂಡು ಎದ್ದಿದ್ದರು. ಮಾಸ್ತರರ ತಾಯಿ ತುಪ್ಪ ಬಡಿಸುತ್ತ, "ಹೊಟ್ಟಿ ತುಂಬ ಉಣ್ಣಪ್ಪ" ಎಂದರು. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ಪಕ್ಕದಲ್ಲೇ ಕೂತು ಕೇಳಿದರು:

"ನನಗ ಈ ಹೋಳಿಗಿ ತಿಂದಾಗಿಂದ ಎದಿ ಉರಿಯಾಕತ್ತೈತಿ. ಏನರ ಕೊಡ್ತೀಯೇನು?"

ಹತ್ತಿರದ ಸಂಬಂಧಿ

ಒಂದು ಬೆಳಿಗ್ಗೆ ಎಮ್ಮೆಯೊಂದು ಅಡ್ಡ ಬಂದು ಸೈಕಲಿನಿಂದ ಬಿದ್ದೆ. ಬಲಗೈ ಮುರಿಯಿತು. ಹಳೆಯ ವಾರಪತ್ರಿಕೆಯನ್ನು ಕೈಗೆ ಸುತ್ತಿ, ಟವೆಲಿನಿಂದ ಕುತ್ತಿಗೆಗೆ ಕಟ್ಟಿಕೊಂಡು, ಬಳ್ಳಾರಿ ಬಸ್ ಹತ್ತಿದೆ. ನೋವಿನಲ್ಲಿ ಕಣ್ಣು ಮುಚ್ಚಿ ಕೂತವನು ಯಾರನ್ನೂ ಮಾತಾಡಿಸಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬರು, "ಜೊತೆಗೆ ಯಾರು ಬಂದಿದಾರೆ?" ಎಂದರು. ದಿನವೂ ನಾನೇ ಕೇಳುತ್ತಿದ್ದ ಪ್ರಶ್ನೆ. "ಯಾರೂ ಇಲ್ಲ" ಎಂದೆ.

ಅಷ್ಟರಲ್ಲಿ ಹೊರಗೆ ಗದ್ದಲ. ನಾನು ಇಳಿದುಬಂದಿದ್ದ ಬಸ್ಸನ್ನೇ ಡ್ರೈವರು ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸಿದ್ದ. ಕಂಡಕ್ಟರನೂ ಸೇರಿ ಅರ್ಧ ಬಸ್ಸು ಒಳಗೆ ನುಗ್ಗಿತು.

"ಏನ್ರೀ ಇದು ಸಂತೆ? ಒಬ್ಬರು ಮಾತ್ರ ಇರಿ. ಹತ್ತಿರದ ಸಂಬಂಧಿ ಯಾರು?" ಎಂದು ಎಳೆಯ ಡಾಕ್ಟರು ಗದರಿದರು.

ಜಗಳವೇ ಶುರುವಾಯಿತು. "ನನ್ನ ಮಗಳ ಹೆರಿಗಿ ಇವ್ರ ಮಾಡಿಸ್ಯಾರ" ಎಂದಳು ಒಬ್ಬಾಕೆ. "ನನ್ನ ಹಲ್ಲು ಕಿತ್ತಾರ, ಇನ್ನಾ ಹತ್ತಿರದವರು ಬೇಕೇನು?" ಎಂದಳು ಮುದುಕಿ. ಮೀಸೆಯ ರೈತನೊಬ್ಬ ಎಲ್ಲರನ್ನೂ ಸರಿಸಿ ಮುಂದೆ ಬಂದು, ಧೋತರ ಎತ್ತಿ ತೊಡೆ ತೋರಿಸಿದ. "ಹೋರಿ ಹಾಯ್ದಾಗ ಹಾಕಿದ ಹೊಲಿಗಿ. ಇವ್ರದ! ಈಗ ಹೇಳ್ರಿ, ಯಾರು ಹತ್ತಿರದವರು?"

ಎಳೆಯ ಡಾಕ್ಟರು ಬಗ್ಗಿ ನೋಡಿ, "ಅಯ್ಯೋ, ಇಷ್ಟು ಸೊಟ್ಟ ಹೊಲಿಗೇನಾ?" ಎಂದುಬಿಟ್ಟರು. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ.

ರೈತ ಧೋತರ ಇಳಿಬಿಟ್ಟು ಗುಡುಗಿದ:

"ಅದಕ್ಕ ಹೇಳಾಕತ್ತೀನ್ರಿ, ಅವರ ಕೈ ನೆಟ್ಟಗ ಕೂಡ್ಸ್ರಿ! ಇಲ್ಲಾಂದ್ರ ನಮ್ಮೂರಾಗ ಮುಂದಿನ ಹೊಲಿಗಿ ಇದಕ್ಕಿಂತ ಸೊಟ್ಟ ಬೀಳ್ತಾವು!"