ಹೊಸನಗರದ ಬಚ್ಚಲಿಗೆ ರೋಬೋ ಕೊಯ್ದ ಕಲ್ಲು

ಹೊಸನಗರದಲ್ಲಿರುವ ನಮ್ಮ ಅತ್ತೆಮನೆಯ ಬಚ್ಚಲಿಗೆ ಒಂದು ಗೋಡೆ ಬೇಕಿತ್ತು. ಹಳೆಯದು ವಾಲಿತ್ತು. ಭಾನುವಾರ ನಾದಿನಿಯನ್ನು ನೋಡಲು ತೀರ್ಥಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಕಂಪ್ಯೂಟರ್, ರೋಬೋ, ಕಟ್ಟಡ ಮೂರನ್ನೂ ಸೇರಿಸಿ ಪಿಎಚ್.ಡಿ. ಮಾಡುತ್ತಿರುವ ಅಳಿಯ ಇರುವಾಗ ಚಿಂತೆ ಏಕೆ? ಹೀಗೆಂದು ಯಾರೋ ಹೇಳಿದರು. ಅತ್ತೆ ಎಂದು ನನ್ನ ನೆನಪು. 'ನೀವೇ' ಎಂದು ಹೆಂಡತಿ ಸುಮಾಳ ನೆನಪು.

ಹಳೆಯ ಗೋಡೆ ಕೆಡವಿಸಿದೆ. ಕೆಂಪನೆಯ ಜಂಬಿಟ್ಟಿಗೆ ಕಲ್ಲುಗಳನ್ನು ನಮ್ಮ ಸಂಶೋಧನಾ ಕೇಂದ್ರಕ್ಕೆ ಒಯ್ದು ರೋಬೋ ಕೈಯಿಂದ ಕೊಯ್ಸಿದೆ. ನನ್ನ ವಿನ್ಯಾಸದ ಗೋಡೆ ಹಾವಿನ ಹಾಗೆ ಬಳುಕುತ್ತದೆ. ಅದಕ್ಕಾಗಿ ಒಂದೊಂದು ಕಲ್ಲಿನ ಓರೆಯೂ ಬೇರೆ ಬೇರೆ. ನೋಡುವ ಕಣ್ಣಿಗೆ ಎಲ್ಲವೂ ಒಂದೇ! ಆದ್ದರಿಂದ ತೊಂಬತ್ತಾರು ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ಮುದ್ದಾಗಿ ಬರೆದೆ.

ಶುಕ್ರವಾರ ಬೆಳಿಗ್ಗೆ ಕಲ್ಲು ಅಂಗಳಕ್ಕೆ ಇಳಿಯಿತು. ಮೇಸ್ತ್ರಿ ನಾಗಪ್ಪ ಫೋನ್ ಮಾಡಿದ. "ಸಾರ್, ನಾ ಬರೋದ್ರೊಳಗೆ ಕಲ್ಲಿಗೆ ನೀರು ಕುಡಿಸಿಡಿ. ಒಣಕಲ್ಲು ಗಾರೆ ಹಿಡಿಯಲ್ಲ."

ಆ ನೀರು ಹಾಕಿದ್ದು ನಾಗಪ್ಪನೇ ಎಂದು ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಮೊನ್ನೆ ಡೈರಿ ತೆಗೆದರೆ ನನ್ನದೇ ಅಕ್ಷರ: 'ಪೈಪ್ ಹಿಡಿದು ಒಂದೂ ಬಿಡದೆ ಎಲ್ಲ ಕಲ್ಲನ್ನೂ ತೋಯಿಸಿದೆ. ಶ್ರದ್ಧೆಯ ಕೆಲಸ.'

ನಾಗಪ್ಪ ಬಂದವನೇ ಕೇಳಿದ. "ನಂಬರ್ ಇರ್ತದೆ ಅಂದಿದ್ರಲ್ಲ ಸಾರ್, ಎಲ್ಲಿ?"

ಚರಂಡಿಯಲ್ಲಿ ಬೆಳ್ಳಗೆ ಹರಿಯುತ್ತಿತ್ತು!

"ಕಂಪ್ಯೂಟರಲ್ಲಿ ಇರ್ಬೇಕಲ್ರೀ?" ಎಂದಳು ಸುಮಾ.

"ಇದೆ. ಅದಕ್ಕೆ ಎಲ್ಲ ಕಲ್ಲೂ ಗೊತ್ತು. ಯಾವುದು ಯಾವ ಕಲ್ಲು ಅಂತ ನಮಗೆ ಗೊತ್ತಿಲ್ಲ."

"ನಮಗೆ ಅನ್ಬೇಡಿ. ನಿಮಗೆ."

ಕೋನಮಾಪಕ ಹಿಡಿದು ಅಳೆಯಲು ಕುಳಿತೆ. ಸಂಜೆಯೊಳಗೆ ಮೂರು ಕಲ್ಲುಗಳ ಗುರುತು ಸಂಶಯಾತೀತವಾಗಿ ಸಾಬೀತಾಯಿತು. ಅದರಲ್ಲಿ ಎರಡಕ್ಕೆ ಒಂದೇ ನಂಬರ್!

ಶನಿವಾರ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತರು. "ಅಳಿಯಂದ್ರೆ, ನಾಳೆ ಹದಿನಾಲ್ಕು ಜನ ಬರ್ತಾರೆ. ಬಚ್ಚಲಿಗೆ ನನ್ನ ಹಳೇ ಸೀರೆ ಕಟ್ಲಾ?" ದನಿ ಮೆತ್ತಗಿತ್ತು. ಅದಕ್ಕೇ ಹೆದರಿಕೆಯಾಯಿತು. ಒಳಗಿನಿಂದ ನಾದಿನಿ, "ಭಾವ, ಈ ಸಂಬಂಧ ತಪ್ಪಿದ್ರೆ ನಿಮ್ಮ ರೋಬೋನೇ ನನ್ನ ಮದ್ವೆ ಆಗ್ಬೇಕು!" ಎಂದಳು. ಅರ್ಧ ತಮಾಷೆ, ಅರ್ಧ ಅಳು.

"ಸಾರ್, ಸ್ವಲ್ಪ ಆಚೆ ಸರೀರಿ," ಎಂದ ನಾಗಪ್ಪ. ಕಲ್ಲು ಕೆತ್ತುವ ಬಾಚಿಯನ್ನು ತೆಗೆದ. ರೋಬೋ ಮಿಲಿಮೀಟರ್ ಲೆಕ್ಕದಲ್ಲಿ ಕೊಯ್ದಿದ್ದ ಓರೆಗಳನ್ನೆಲ್ಲ ಟಕಟಕನೆ ಕೆತ್ತಿ ಚೌಕ ಮಾಡಿದ. ನನ್ನ ಎರಡು ವರ್ಷದ ಸಂಶೋಧನೆ ಕೆಂಪು ಪುಡಿಯಾಗಿ ಅಂಗಳದಲ್ಲಿ ಬಿತ್ತು. ಸಂಜೆಗೆ ಗೋಡೆ ಎದ್ದಿತು. ಹಾವಲ್ಲ, ದಾರ ಹಿಡಿದಷ್ಟು ನೇರ.

ಭಾನುವಾರ ಗಂಡಿನ ಸೋದರಮಾವ ಕೈಕಾಲು ತೊಳೆದು ಬಂದು, "ಬಚ್ಚಲ ಗೋಡೆ ಭಾರಿ ನೆಟ್ಟಗಿದ್ಯಲ್ಲ ಮಾರಾಯ್ರೆ! ಯಾರು ಕಟ್ಟಿದ್ದು?" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ.

"ನಾಗಪ್ಪ," ಎಂದರು ಅತ್ತೆ. "ನಮ್ಮ ಅಳಿಯಂದ್ರು ಕಲ್ಲು ತೊಳ್ಕೊಟ್ರು."

ಸಂಬಂಧ ಕುದುರಿತು. ಮದುವೆಯ ಕೆಲಸ ಹಂಚುವಾಗ ನನ್ನನ್ನು ಪಾತ್ರೆ ತೊಳೆಯುವ ಕಡೆಗೆ ಹಾಕಿದ್ದಾರೆ.