ಮುಚ್ಚಳದ ಮೇಲೆ ಗುಂಡುಕಲ್ಲು

ಗಂಡ ನಿವೃತ್ತನಾದರೆ ಮನೆಯಲ್ಲೇ ಒಬ್ಬ ಗುರುವಿನ ಅವತಾರವಾಗುತ್ತದೆ ಎಂದು ಕಾನ್ಸೆಪ್ಟಾ ಟೀಚರಿಗೆ ಯಾರೂ ಮೊದಲೇ ಎಚ್ಚರಿಕೆ ಕೊಟ್ಟಿರಲಿಲ್ಲ. ಆಲ್ಫೋನ್ಸ್ ಪ್ರತಿ ಗುರುವಾರ ಅಲೆವೂರಿನಿಂದ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ, ‘ನಿಶ್ಚಿಂತ ಜೀವನ’ ಎಂಬ ಉಪನ್ಯಾಸ ಕೇಳಿ ಬರುತ್ತಿದ್ದರು. ಬಂದವರು ಚಪ್ಪಲಿ ಕಳಚುವ ಮೊದಲು ನೋಟ್‌ಬುಕ್ ಬಿಚ್ಚುತ್ತಿದ್ದರು.

“ಕಾನ್ಸೆ, ಈ ವಾರದ್ದು ಭಾರಿ ಚಂದ ಉಂಟು. ಸೋಲಿನ ಹೆದರಿಕೆ ಎಲ್ಲಿಂದ ಬರುತ್ತದೆ? ಫಲಿತಾಂಶವನ್ನೇ ದಿಟ್ಟಿಸುವುದರಿಂದ!”

“ನೀವು ಈವರೆಗೆ ದಿಟ್ಟಿಸಿದ್ದು ಊಟದ ತಟ್ಟೆಯನ್ನು ಮಾತ್ರ. ನಿಮಗೆಂತ ಹೆದರಿಕೆ?”

ಹೆದರಿಕೆ ಇದ್ದದ್ದು ಟೀಚರಿಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದ ಅವರು ಪ್ರಿನ್ಸಿಪಾಲರಿಗಾಗಲಿ, ಹಿಂದಿನ ಬೆಂಚಿನ ಹುಡುಗರಿಗಾಗಲಿ ಹೆದರಿದವರಲ್ಲ. ಹೆದರುತ್ತಿದ್ದದ್ದು ಸಾನ್ನಾಕ್ಕೆ. ಶೇಂದಿ ಹಾಕಿದ ಹಿಟ್ಟನ್ನು ಬಟ್ಟಲುಗಳಲ್ಲಿ ಹೊಯ್ದು ಹಬೆಯಲ್ಲಿ ಬೇಯಿಸುವ, ಹತ್ತಿಯ ಹಾಗೆ ಉಬ್ಬಲೇಬೇಕಾದ ಆ ಬಿಳಿಯ ತಿಂಡಿಗೆ. ಮದುವೆಯಾದ ಹೊಸತರಲ್ಲಿ ಕಾರ್ಕಳದ ಗಂಡನ ಮನೆಯಲ್ಲಿ ಅವರು ಮಾಡಿದ ಸಾನ್ನಾ ಉಬ್ಬಲಿಲ್ಲ. ಆಲ್ಫೋನ್ಸರ ಅಕ್ಕ ಝೀಟಾ ಒಂದನ್ನು ಇನ್ನೊಂದಕ್ಕೆ ಬಡಿದು ನೋಡಿ, “ಲಗೋರಿಗೆ ಆದೀತು” ಎಂದಿದ್ದರು.

ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ, ತೆನೆಹಬ್ಬದ ನಂತರದ ಭಾನುವಾರ ಝೀಟಾ ಊಟಕ್ಕೆ ಬಂದಾಗಲೆಲ್ಲ, ತಿಂಡಿ ಮಾಡಿ ಮಾರುವ ಕಾಪುವಿನ ಅಪ್ಪಿ ಬಾಯಿಯ ಸಾನ್ನಾ ಡಬ್ಬಿಯಲ್ಲಿ ಗುಟ್ಟಾಗಿ ಬಂದು, ಟೀಚರ ಹಬೆಪಾತ್ರೆಯಲ್ಲಿ ಬೆಚ್ಚಗಾಗಿ, ಟೀಚರ ಹೆಸರಿನಲ್ಲಿ ಬಡಿಸಲ್ಪಡುತ್ತಿತ್ತು. (ನಕಲು ಹೊಡೆದ ಹುಡುಗರನ್ನು ಪರೀಕ್ಷೆಯ ಕೋಣೆಯಿಂದ ಹೊರಗಟ್ಟುತ್ತಿದ್ದವರು ಇವರೇ.)

ಎರಡು ಸಾವಿರದ ಮೂರರಲ್ಲಿ, ತೆನೆಹಬ್ಬದ ವಾರವೇ, ಅಪ್ಪಿ ಬಾಯಿ ಬಾವಿಕಟ್ಟೆಯಲ್ಲಿ ಜಾರಿ ಕೈ ಮುರಿದುಕೊಂಡರು. ಈ ಸಲ ಟೀಚರೇ ಮಾಡಬೇಕು; ಸಾನ್ನಾ ಉಬ್ಬದಿದ್ದರೆ ಇಪ್ಪತ್ತೆಂಟು ವರ್ಷದ ವಂಚನೆ ನಾದಿನಿಯ ಮುಂದೆ ಬಯಲಾಗುತ್ತಿತ್ತು.

ಟೀಚರು ಮೂರು ದಿನ ಅಭ್ಯಾಸ ಮಾಡಿದರು. ಒಲೆಯ ಮುಂದೆ ಕೈಗಡಿಯಾರ ಹಿಡಿದು ನಿಂತು, ಎರಡು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ಟಾರ್ಚು ಬಿಟ್ಟು ನೋಡಿದರು. ಎತ್ತಿದಾಗಲೆಲ್ಲ ಹಬೆಯೆಲ್ಲ ಹೊರಗೆ. ಮೂರು ದಿನವೂ ಲಗೋರಿಯೇ.

“ಕಾನ್ಸೆ, ಫಲಿತಾಂಶ...” ಎಂದು ಬಾಗಿಲಲ್ಲಿ ನೋಟ್‌ಬುಕ್ ಕಾಣಿಸಿತು.

“ಆ ಪುಸ್ತಕ ಒಲೆಗೆ ಹೋಗುತ್ತದೆ, ನೋಡಿ!”

ಮನೆಗೆಲಸಕ್ಕೆ ಬರುವ ಬಾಗಲಕೋಟೆ ಕಡೆಯ ಯಂಕವ್ವನಿಗೆ ತಡೆಯಲಾಗಲಿಲ್ಲ. “ಅಕ್ಕೋರ, ಗಳಿಗಿಗೊಮ್ಮೆ ಮಾರಿ ನೋಡಿದ್ರ ಅದಕ್ಕರ ನಾಚಿಕಿ ಬರಂಗಿಲ್ಲೇನ್ರಿ? ಮುಚ್ಚಳದ ಮ್ಯಾಲ ಗುಂಡಕಲ್ಲ ಇಟ್ಟು ಹೊರಗ ಹೋಗಿ ಕುಂಡರ್ರಿ. ಉಬ್ಬಿದ್ರ ಉಬ್ಬತಾವ. ಇಲ್ಲಾಂದ್ರ ರೊಟ್ಟಿ ಅಂತ ತಿಂತಾರ. ಯಾರ ಜೀವಾ ಏನ್ ಹೋಗಂಗಿಲ್ಲ.”

ಮಣಿಪಾಲದ ಉಪನ್ಯಾಸಕರು ಆರು ಗುರುವಾರಗಳಲ್ಲಿ ಹೇಳಿದ್ದು ಇಷ್ಟೇ. ಆದರೆ ಗಂಡನ ಬಾಯಿಯಿಂದ ಬಂದಾಗ ಮೈ ಉರಿಸಿದ ಮಾತು ಯಂಕವ್ವನ ಬಾಯಿಯಲ್ಲಿ ಸರಿಯೆನಿಸಿತು.

ಭಾನುವಾರ ಟೀಚರು ಹಬೆಪಾತ್ರೆಯ ತಳದ ನೀರಿಗೆ ಪರಿಮಳಕ್ಕೆಂದು ಅರಶಿನದೆಲೆ ಹಾಕಿ, ಬಟ್ಟಲುಗಳನ್ನು ಜೋಡಿಸಿ, ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿದರು. ಚಪ್ಪಟೆಯಾದರೆ ಚಪ್ಪಟೆಯೆಂದೇ ಬಡಿಸುವುದು ಎಂದು ನಿರ್ಧರಿಸಿದರು. ಎದೆ ಹಗುರವಾಯಿತು. ಜಗಲಿಯಲ್ಲಿ ಝೀಟಾರ ಪಕ್ಕ ಕುಳಿತು ಅವರ ಮಂಡಿನೋವು, ಸೊಸೆಯ ಹೊಸ ಮಿಕ್ಸಿ, ಪಾದ್ರಿಗಳ ಉದ್ದದ ಪ್ರವಚನ ಎಲ್ಲವನ್ನೂ ಕೇಳಿದರು. ತಾವೂ ಹರಟಿದರು, ನಕ್ಕರು. ಇಪ್ಪತ್ತೆಂಟು ವರ್ಷದಲ್ಲಿ ನಾದಿನಿಯ ಮುಂದೆ ಅವರು ನಕ್ಕದ್ದು ಅದೇ ಮೊದಲು. ಫಲಿತಾಂಶವನ್ನು ಎಷ್ಟು ಸಂಪೂರ್ಣವಾಗಿ ಬಿಟ್ಟುಕೊಟ್ಟರೆಂದರೆ, ಒಲೆಯ ಮೇಲೆ ಪಾತ್ರೆಯಿದೆ ಎಂಬುದನ್ನೇ ಬಿಟ್ಟುಕೊಟ್ಟರು.

“ಅಕ್ಕೋರ! ತಳಾ ಹತ್ತೇತ್ರಿ!”

ಓಡಿದರು. ನೀರು ಆರಿ, ಅರಶಿನದೆಲೆ ಕರಿಯಾಗಿ, ಅಡುಗೆಮನೆ ತುಂಬ ಹೊಗೆ. ಆಲ್ಫೋನ್ಸ್ ಕೆಮ್ಮುತ್ತಾ ನೋಟ್‌ಬುಕ್ ತಿರುವಿದರು. “ಫಲಿತಾಂಶ ನೋಡಬೇಡಿ ಅಂತ ಉಂಟು. ನೀರು ನೋಡಬೇಡಿ ಅಂತ ಇಲ್ಲ, ಮಾರಾಯ್ತಿ!”

ಟೀಚರು ಕಲ್ಲು ಇಳಿಸಿ ಮುಚ್ಚಳ ತೆಗೆದರು. ಸಾನ್ನಾಗಳು ಬಟ್ಟಲು ಮೀರಿ ಉಬ್ಬಿದ್ದವು. ಆದರೆ ಹೊಗೆಯ ವಾಸನೆ! ಅದು ಜಗಲಿಯವರೆಗೂ ಹೋಗಿತ್ತು, ಮುಚ್ಚಿಡುವಂತಿರಲಿಲ್ಲ. ಹಾಗೇ ತಂದು ಬಡಿಸಿದರು.

ಝೀಟಾ ಒಂದನ್ನು ಮುರಿದು ಕೋಳಿಸಾರಿನಲ್ಲಿ ಅದ್ದಿ ತಿಂದರು. ಎರಡನೆಯದಕ್ಕೆ ಕೈ ಹಾಕಿದರು. ಮೂರನೆಯದಕ್ಕೂ. “ಅಂತೂ ಈ ಸಲ ನೀನೇ ಮಾಡಿದ್ದು, ಅಲ್ವಾ?”

ಟೀಚರ ಕೈಯ ಸೌಟು ನಿಂತಿತು.

“ಅಪ್ಪಿ ಬಾಯಿಯ ಸಾನ್ನಾ ನನಗೆ ಗೊತ್ತಾಗುವುದಿಲ್ವಾ? ಮನೆಗೆ ಜನ ಬಂದರೆ ನಾನೂ ಅವಳಿಂದಲೇ ತರಿಸುವುದು. ನನ್ನದೂ ಒಂದು ದಿನ ಉಬ್ಬಿದ್ದಿಲ್ಲ, ಕಾನ್ಸೆಪ್ಟಾ.” ಝೀಟಾ ಕೈಚೀಲದಿಂದ ಪೆನ್ನು ತೆಗೆದರು. “ಈ ಹೊಗೆಯ ರುಚಿ ಮಾತ್ರ ಎಲ್ಲೂ ತಿಂದದ್ದಿಲ್ಲ. ಬರೆದು ಕೊಡು ನೋಡುವ. ಹಂತ ಹಂತವಾಗಿ.”

ಹಂತ ಬರೆಯದೆ ಸರಿಯುತ್ತರ ಬರೆದ ಮಕ್ಕಳಿಗೆ ಮೂವತ್ತು ವರ್ಷ ಸೊನ್ನೆ ಕೊಟ್ಟ ಟೀಚರು ಪೆನ್ನು ಹಿಡಿದು ನಿಂತರು.

ಪಾತ್ರೆಯ ತಳ ತಿಕ್ಕುತ್ತಿದ್ದ ಯಂಕವ್ವ ಹಿತ್ತಿಲಿನಿಂದಲೇ ಕೂಗಿದಳು: “ನೀರ ಆರೂ ತನಕಾ ನಾದಿನಿ ಜೋಡಿ ಹರಟಿ ಹೊಡೀಬೇಕು ಅಂತ ಬರೀರಿ, ಅಕ್ಕೋರ!”