ಭಾವನ ಟೆಸ್ಟು, ಅಕ್ಕನ ಅಡ್ಡಿಲ್ಲೆ

ನಮ್ಮ ಭಾವ ಹದಿನೈದು ವರ್ಷ ವಿಡಿಯೋ ಕ್ಯಾಮೆರಾ ಇಟ್ಟುಕೊಂಡಿದ್ದರು. ಆ ಹದಿನೈದು ವರ್ಷದಲ್ಲಿ ಒಂದೇ ಒಂದು ವಿಡಿಯೋ ತೆಗೆಯಲಿಲ್ಲ! ಕ್ಯಾಮೆರಾ ಕೆಟ್ಟಿತ್ತೇ? ಇಲ್ಲ. ತೆಗೆಯಲು ಬರುತ್ತಿರಲಿಲ್ಲವೇ? ಅದರ ಒಂದೊಂದು ಗುಂಡಿಯೂ ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಹಾಗಾದರೆ ಅಷ್ಟು ಕಾಲ ಮಾಡಿದ್ದೇನು? ಟೆಸ್ಟ್ ಮಾಡಿದರು. ಯಾವ ನಮೂನೆಯಲ್ಲಿ ತೆಗೆದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಖಾತ್ರಿಯಾದ ಮೇಲೆ ತೆಗೆಯೋಣ ಎಂದು ಕಾದರು. ಖಾತ್ರಿ ಆಗಲೇ ಇಲ್ಲ.

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಮುಂಬೈಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಸೌಟು ಹಿಡಿದವರು. ಅಕ್ಕ ಬೈಂದೂರಿನಲ್ಲಿ, ಅವರು ಅಲ್ಲಿ; ವರ್ಷಕ್ಕೊಮ್ಮೆ ರಜೆಯಲ್ಲಿ ಬಂದರೆ ಆಯಿತು. ತೊಂಬತ್ತೇಳರಲ್ಲಿ ಕೆಲಸ ಬಿಟ್ಟು ಊರಿಗೆ ಬಂದಿಳಿದಾಗ ಅವರ ಹತ್ತಿರ ಇದ್ದ ಟ್ರಂಕನ್ನು ನಾನು ಹೊತ್ತೆ, ಹಾಸಿಗೆಯನ್ನು ರಿಕ್ಷಾದವನು ಹೊತ್ತ. ಎದೆಗೆ ಅವುಚಿಕೊಂಡಿದ್ದ ಕಪ್ಪು ಚೀಲವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಒಳಗೆ ಕ್ಯಾಮೆರಾ.

ನಾನು ಕುಂದಾಪುರದಲ್ಲಿ ಪಾತ್ರೆ ಅಂಗಡಿ ಇಟ್ಟವನು. ಬಸ್ಸಿನ ಟಾಪಿನ ಮೇಲೆ ಅಲ್ಯುಮಿನಿಯಂ ಪಾತ್ರೆಯ ಗಂಟು ಹೇರಿಕೊಂಡು ಊರೂರು ಸುತ್ತಿ ಮಾರಿ, ಸ್ವಂತ ಶಟರ್ ಎಳೆಯುವ ಮಟ್ಟಕ್ಕೆ ಬಂದವನು. ಯಾವ ವಸ್ತು ಕಂಡರೂ ಮಗುಚಿ ತಳ ನೋಡುವುದು ನನ್ನ ಕಸುಬು. ನೀವೂ ರೂಢಿಸಿಕೊಳ್ಳಿ, ನಷ್ಟವಿಲ್ಲ. ಹಾಗೆ ಕ್ಯಾಮೆರಾವನ್ನೂ ಮಗುಚಿದಾಗ ಬದಿಯಲ್ಲಿ ಒಂದು ಸಣ್ಣ ಸ್ವಿಚ್ ಕಂಡಿತು. ಎಸ್‌ಪಿ, ಎಲ್‌ಪಿ ಎಂದು ಬರೆದಿತ್ತು. ಎಸ್‌ಪಿಗೆ ಹಾಕಿದರೆ ಕ್ಯಾಸೆಟ್ ಸರಿಯಾದ ವೇಗದಲ್ಲಿ ಓಡುತ್ತದೆ, ಚಿತ್ರ ಚೊಕ್ಕ. ಎಲ್‌ಪಿಗೆ ಹಾಕಿದರೆ ಅರ್ಧ ವೇಗದಲ್ಲಿ ತೆವಳುತ್ತದೆ. ಚಿತ್ರ ತುಸು ಮಂಕು, ಆದರೆ ಅದೇ ಕ್ಯಾಸೆಟ್ಟಿನಲ್ಲಿ ಎರಡರಷ್ಟು ಹಿಡಿಸುತ್ತದೆ. ನಾನು ಏನು ಹೇಳಿರಬಹುದು, ನೀವೇ ಊಹಿಸಿ.

"ಭಾವ, ಎಲ್‌ಪಿಗೆ ಹಾಕಿ! ಒಂದಕ್ಕೆ ಎರಡ್ ಸಿಕ್ಕತ್ತ್!"

"ಸಾಂಬಾರಿಗೆ ನೀರ್ ಹೊಯ್ದ್ರೂ ಒಂದಕ್ಕೆ ಎರಡ್ ಸಿಕ್ಕತ್ತ್ ಮಾರಾಯಾ. ಉಂಬೂಕೆ ನೀ ಬತ್ಯಾ?"

ಆದರೂ ಅವರ ಮನಸ್ಸಿನಲ್ಲಿ ಹುಳ ಹೊಕ್ಕಿತು. ಎಸ್‌ಪಿಗೂ ಎಲ್‌ಪಿಗೂ ನಿಜವಾಗಿ ಎಷ್ಟು ವ್ಯತ್ಯಾಸ? ಕಂಡೇಬಿಡುವ ಎಂದು ಟೆಸ್ಟ್ ಶುರುವಾಯಿತು. ಟೆಸ್ಟಿಗೆ ಎದುರಿಗೆ ಯಾರಾದರೂ ನಿಲ್ಲಬೇಕಲ್ಲ? ಮನೆಯಲ್ಲಿ ಇದ್ದದ್ದು ಇಬ್ಬರೇ. ಮಕ್ಕಳಿಲ್ಲ. ಒಬ್ಬರು ಕ್ಯಾಮೆರಾದ ಹಿಂದೆ ಎಂದಮೇಲೆ ಮುಂದೆ ಯಾರು ಎಂದು ಕೇಳುವುದೇ ಬೇಡ.

"ಹ್ವಾಯ್, ಅನ್ನದ್ ಗಂಜಿ ಬಗ್ಗಸೂಕಿತ್ತ್. ನಿಮ್ಮ ಕುಣಿತ ಬೇಗ ಮುಗ್ಸಿ."

"ಕೈಯಂಗೊಂದ್ ತೆಂಗಿನ್‌ಕಾಯಿ ಹಿಡ್ಕೊ. ಬಣ್ಣ ಹ್ಯಾಂಗ್ ಬತ್ತ್ ಕಾಂಬ."

"ಕಾಯಿದಾ, ನಂದಾ?"

ತೆಗೆದದ್ದನ್ನು ಆಮೇಲೆ ಟಿವಿಗೆ ವಯರು ಸಿಕ್ಕಿಸಿ ತೋರಿಸುವರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ನೋಡುವಳು. "ಹ್ಯಾಂಗಿತ್ತ್?" ಎಂದು ಭಾವ ಆಸೆಯಿಂದ ಕೇಳಿದರೆ ಒಂದೇ ಉತ್ತರ: "ಅಡ್ಡಿಲ್ಲೆ."

ಘಟ್ಟದ ಮೇಲಿನ ಓದುಗರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆಯ 'ಅಡ್ಡಿಲ್ಲೆ' ಎಂದರೆ ಅಡ್ಡಿ ಇಲ್ಲ ಎಂದಷ್ಟೇ. ಸಾರು ಹೇಗಿದೆ? ಅಡ್ಡಿಲ್ಲೆ. ಮದುಮಗಳು ಹೇಗಿದ್ದಾಳೆ? ಅಡ್ಡಿಲ್ಲೆ. ಗಿರಾಕಿ ನನ್ನ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ 'ಅಡ್ಡಿಲ್ಲೆ' ಅಂದನೋ, ನಾನು ಮಾತು ನಿಲ್ಲಿಸಿ ಕಟ್ಟಲು ಶುರು ಮಾಡುತ್ತೇನೆ. ಅದಕ್ಕಿಂತ ಮೇಲಿನ ಸರ್ಟಿಫಿಕೇಟು ನಮ್ಮಲ್ಲಿ ಹುಟ್ಟಿಲ್ಲ! ಆದರೆ ಮೂವತ್ತು ವರ್ಷ ಮುಂಬೈಯ ನೀರು ಕುಡಿದ ಭಾವನಿಗೆ ಅದು ಸಾಲದು. ಅವರಿಗೆ 'ಲಾಯ್ಕಿತ್ತ್' ಬೇಕು. ಬಹಳ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಅಕ್ಕ ಹೇಳುವವಳಲ್ಲ. ಹಾಗಾಗಿ ಮರುದಿನ ಮತ್ತೆ ಟೆಸ್ಟ್. ಬಾವಿಕಟ್ಟೆಯ ಹತ್ತಿರ ಎಸ್‌ಪಿ, ದನದ ಹಟ್ಟಿಯ ಹತ್ತಿರ ಎಲ್‌ಪಿ, ಮೋಡ ಕವಿದರೊಂದು, ಬಿಸಿಲು ಬಂದರೊಂದು.

ಈ ನಡುವೆ ನನ್ನ ಮದುವೆ ನಿಶ್ಚಯವಾಯಿತು. ತೆಕ್ಕಟ್ಟೆಯ ಕಲ್ಯಾಣ ಮಂಟಪದಲ್ಲಿ. ವಿಡಿಯೋದವನನ್ನು ಕರೆಸಬೇಕೆಂದು ಹೆಣ್ಣಿನ ಕಡೆಯವರು ಹೇಳಿದಾಗ ನಾನು ನಕ್ಕುಬಿಟ್ಟೆ. ಮನೆಯಲ್ಲೇ ಕ್ಯಾಮೆರಾ ಇರುವಾಗ ಹೊರಗಿನವನಿಗೆ ಸುರಿಯಲು ನನಗೇನು ತಲೆ ಕೆಟ್ಟಿದೆಯೇ? ನನ್ನ ಜೀವಮಾನದ ಅತಿ ದೊಡ್ಡ ಉಳಿತಾಯ ಎಂದು ಬೀಗಿದೆ. ಅದನ್ನು ನನ್ನ ಹೆಂಡತಿ ಬೇರೆ ಹೆಸರಿನಿಂದ ಕರೆಯುತ್ತಾಳೆ, ಇಲ್ಲಿ ಬರೆಯುವಂತಿಲ್ಲ.

ಮದುವೆಯಾಗಿ ವಾರದ ಮೇಲೆ ಎಲ್ಲರೂ ಟಿವಿಯ ಮುಂದೆ ಚಾಪೆ ಹಾಸಿ ಕೂತೆವು. ಪರದೆಯ ಮೇಲೆ ಅಕ್ಕ. ಕೈ ತೊಳೆಯುವ ನಳ್ಳಿಯ ಹತ್ತಿರ, ಪಟ್ಟೆಸೀರೆ ಉಟ್ಟು, ಮುಖ ಗಂಟಿಕ್ಕಿಕೊಂಡು ನಿಂತಿದ್ದಾಳೆ. ಹಿಂದಿನಿಂದ ವಾದ್ಯದ ಸದ್ದು ಜೋರಾಗುತ್ತಿದೆ.

"ಅಲ್ಲ್ ತಾಳಿ ಕಟ್ತಾ ಇದ್ರ್ ಮಾರಾಯ್ರೆ! ನೀವ್ ಇಲ್ಲ್ ನನ್ನ್ ಮೋರಿ ತೆಗೀತ್ರಿ!"

"ಒಂದ್ ನಿಮಿಷ. ಈ ಟ್ಯೂಬ್‌ಲೈಟಿಗೆ ಸೀರಿ ಹಸ್ರ್ ಕಾಂತಿತ್ತ್."

"ಸೀರಿ ಹಸ್ರೇ!"

ಅಷ್ಟರಲ್ಲಿ ಬ್ಯಾಟರಿ ಮುಗಿದಿತ್ತು. ನನ್ನ ಮದುವೆಯ ವಿಡಿಯೋ ಎಂದರೆ ಇಷ್ಟೇ. ಅದರಲ್ಲಿ ನಾನೂ ಇಲ್ಲ, ನನ್ನ ಹೆಂಡತಿಯೂ ಇಲ್ಲ!

ಆಮೇಲೆ ಕಾಲ ಬದಲಾಯಿತು. ಕ್ಯಾಸೆಟ್ ಹೋಗಿ ವಿಸಿಡಿ ಬಂತು. ಟೆಸ್ಟುಗಳನ್ನೆಲ್ಲ ಅದಕ್ಕೆ ಹಾಕಿಸಿಡಿ ಎಂದು ನಾನೇ ಭಾವನನ್ನು ಹೊರಡಿಸಿದೆ. ಒಂದು ಕ್ಯಾಸೆಟ್ ಕೊಟ್ಟು, ಒಂದು ವಿಸಿಡಿ ತಟ್ಟೆ ತಂದು, ಹಾಕಿ ನೋಡಿದರು. ಅಕ್ಕ ತಲೆ ತಿರುಗಿಸಿದಾಗಲೆಲ್ಲ ಮುಖ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತಿತ್ತು.

"ಇದೆಂತ? ಹೆಂಡ್ತಿಯಾ, ನೆಲಕ್ಕೆ ಹಾಕು ಟೈಲ್ಸಾ?" ಎಂದು ಭಾವ ಆ ತಟ್ಟೆಯನ್ನು ತೊಂಡೆ ಚಪ್ಪರಕ್ಕೆ ಕಟ್ಟಿದರು. ಹಕ್ಕಿ ಓಡಿಸಲು. ಅದಕ್ಕೆ ಅಡ್ಡಿಲ್ಲೆ ಎಂದು ನಾವೂ ಒಪ್ಪಿಕೊಂಡೆವು.

ಡಿವಿಡಿ ಬಂತು. ಅದರಲ್ಲಿ ಚೌಕವಿಲ್ಲ. ಆದರೂ ಭಾವ ತಲೆಯಾಡಿಸಿದರು. ಅಷ್ಟು ಹೊತ್ತಿಗೆ ಅವರ ಸಿದ್ಧಾಂತ ಗಟ್ಟಿಯಾಗಿತ್ತು. ಕ್ಯಾಂಟೀನಿನವರ ಸಿದ್ಧಾಂತ, ಅಡುಗೆಮನೆ ಬಿಟ್ಟು ಹೋಗುವುದುಂಟೇ? "ಕಾಯಿ ಅರ್ದ್ ಹಿಂಡಿರೆ ಮೊದ್ಲ್ ಬಪ್ದ್ ಗಟ್ಟಿ ಹಾಲ್. ನೀರ್ ಹಾಕಿ ಮತ್ತೆ ಹಿಂಡಿರೆ ಎರಡ್ನೇ ಹಾಲ್. ಕ್ಯಾಸೆಟ್ ಮೊದಲ್ನೇ ಹಾಲ್ ಮಾರಾಯಾ. ಡಿವಿಡಿ ಎರಡ್ನೇದ್. ವಿಸಿಡಿ ಮೂರ್ನೇದ್. ಈಗ ಮೊಬೈಲಿಗೆ ಹಾಕ್ತ್ರಲೆ, ಅದೆಲ್ಲ ಒರಳ್ ತೊಳ್ದ ನೀರ್!"

ಮೊದಲನೇ ಹಾಲಿನ ಕ್ಯಾಸೆಟ್ಟುಗಳನ್ನು ಅವರು ಇಟ್ಟದ್ದೆಲ್ಲಿ ಗೊತ್ತೇ? ಒಲೆಯ ಮೇಲಿನ ಅಟ್ಟದಲ್ಲಿ, ಒಣ ಸಿಗಡಿಯ, ಅಂದರೆ ನಮ್ಮ ಕಡೆಯ ಚಟ್ಲಿಯ, ಡಬ್ಬದ ಪಕ್ಕ. ನಗಬೇಡಿ. ನಮ್ಮ ಮಳೆಗಾಲದಲ್ಲಿ ತೇವ ತಾಗದ ಜಾಗ ಮನೆಯಲ್ಲಿ ಅದೊಂದೇ. ಅಕ್ಕ ದಿನಾ ಒಲೆ ಉರಿಸುತ್ತಿದ್ದಳು, ಹೊಗೆ ಏರುತ್ತಿತ್ತು, ಕ್ಯಾಸೆಟ್ಟುಗಳು ಗರಿಗರಿಯಾಗಿದ್ದವು. ಕ್ಯಾಸೆಟ್ ಹಾಕಿದೊಡನೆ ಬೆಕ್ಕು ಟಿವಿಯ ಹತ್ತಿರ ಬಂದು ಕೂರುತ್ತಿತ್ತು ಎಂಬುದೊಂದೇ ತೊಂದರೆ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಅಕ್ಕ ಜ್ವರ ಎಂದು ಮಲಗಿದಳು. ಹೋಗಿ ವಿಚಾರಿಸಿದಾಗಲೆಲ್ಲ "ಅಡ್ಡಿಲ್ಲೆ" ಎಂದಳು. ಕಡೆಯ ದಿನವೂ ಅದನ್ನೇ ಹೇಳಿದಳು.

ಅಕ್ಕ ಹೋದ ಮೇಲೆ ಒಲೆ ಉರಿಯಲಿಲ್ಲ. ಭಾವ ಗ್ಯಾಸಿನ ಮೇಲೆ ಒಂದು ಹಿಡಿ ಗಂಜಿ ಬೇಯಿಸಿಕೊಂಡರು. ಕ್ಯಾಮೆರಾ ಮುಟ್ಟಲಿಲ್ಲ. ಮುಂದಿನ ವರ್ಷ ಒಂದು ಸಂಜೆ ನನ್ನ ಅಂಗಡಿಗೆ ಬಂದು ಒಂದು ಕ್ಯಾಸೆಟ್ಟನ್ನು ಗಾಜಿನ ಮೇಜಿನ ಮೇಲಿಟ್ಟರು. ಕಿಟಕಿಯ ಒಳಗೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು. ಒಲೆ ಆರಿದ ಅಟ್ಟಕ್ಕೆ ಮಳೆಗಾಲ ನುಗ್ಗಿತ್ತು.

"ಹಾಕ್ರೆ ಕಿರ್ರ್ ಅಂತತ್ತ್. ಕ್ಯಾಮೆರಾನೂ ನಿಂತೇ ಹೋಯ್ತ್," ಅಂದರು. ಕ್ಯಾಸೆಟ್ಟಿನ ಕಿಟಕಿಯನ್ನು ಬೆರಳಿನಿಂದ ಒರೆಸುತ್ತ, "ಅದ್ರ್ ಮೋರಿ ಬೇರೆಲ್ಲೂ ಇಲ್ಯೆ ಮಾರಾಯಾ," ಅಂದರು.

ನಿಜ. ರೇಷನ್ ಕಾರ್ಡಿನ ಅಂಗುಲದಷ್ಟು ಚಿತ್ರ ಬಿಟ್ಟರೆ ಅಕ್ಕನ ಮುಖ ಇದ್ದದ್ದೆಲ್ಲ ಆ ಟೆಸ್ಟುಗಳಲ್ಲಿ.

ಇಂಥಾ ಹೊತ್ತಿನಲ್ಲಿ ವ್ಯಾಪಾರಿ ಉಪಯೋಗಕ್ಕೆ ಬರುತ್ತಾನೆ. ಬಾಗಿಲು ಹಾಕಿದ ಸ್ಟುಡಿಯೋ ಒಂದರ ಕಪಾಟಿನಿಂದ ಅದೇ ಜಾತಿಯ ಹಳೆ ಕ್ಯಾಮೆರಾ ಹುಡುಕಿ, ಅದರ ಒಡೆಯನಿಗೆ ಬೆವರು ಬರುವವರೆಗೆ ಚೌಕಾಸಿ ಮಾಡಿ ತಂದೆ. ಪುಕ್ಕಟೆ ಒಂದು ಸಲಹೆ: ಹಳೆ ಯಂತ್ರಕ್ಕೆ ಮೊದಲೇ ಬೆಲೆಬಾಳುವ ಕ್ಯಾಸೆಟ್ ಹಾಕಬೇಡಿ. ಒಂದು ಖಾಲಿ ಕ್ಯಾಸೆಟ್ ಹಾಕಿ, ನುಂಗುತ್ತದೋ ಉಗುಳುತ್ತದೋ ನೋಡಿ. ಎರಡನೆಯದು: ಬೂಷ್ಟು ಹಿಡಿದದ್ದನ್ನು ಮನೆಯಲ್ಲಿ ಉಜ್ಜಲು ಹೋಗಬೇಡಿ. ಬ್ರಹ್ಮಾವರದಲ್ಲಿ ಅದನ್ನು ಶುಚಿ ಮಾಡಿ ಕಂಪ್ಯೂಟರಿಗೆ ಇಳಿಸುವ ಒಬ್ಬ ಹೆಂಗಸಿದ್ದಾರೆ ಎಂದು ತಿಳಿದು, ಬೈಂದೂರಿನಿಂದ ಬಸ್ಸು ಹತ್ತಿದೆವು. ಚೀಲ ಭಾವನ ತೊಡೆಯ ಮೇಲೆ.

ಕಂಡಕ್ಟರ್ ಮೂಗು ಅರಳಿಸಿದ. "ಎಂತ ಅಜ್ಜಾ, ಒಣ ಚಟ್ಲಿಯಾ? ಚೀಲ ಹಿಂದ್ ಇಡಿ ಕಾಂಬ."

"ಚಟ್ಲಿ ಅಲ್ಲ. ನನ್ನ್ ಹೆಂಡ್ತಿ."

ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ಮರೆತು ಎರಡು ಸೀಟು ಹಿಂದೆ ಸರಿದ! ಅವನನ್ನು ಕರೆದು ಸಮಾಧಾನ ಮಾಡುವಷ್ಟರಲ್ಲಿ ಕುಂದಾಪುರ ಬಂದಿತ್ತು.

ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಆ ಹೆಂಗಸು ಚುರುಕು. ಕ್ಯಾಸೆಟ್ಟುಗಳನ್ನು ಇಟ್ಟುಕೊಂಡು ಶುಚಿ ಮಾಡಿ, ಇಳಿಸಿ, ನಮ್ಮನ್ನು ಮತ್ತೆ ಕರೆಸಿದರು. "ಯಾವ್ದ್ರಂಗೆ ಮಾಡಿ ಕೊಡುದ್ ಅಜ್ಜಾ? ಎವಿಐಯಾ, ಡಿವಿಡಿಯಾ, ಎಂಪಿ ಫೋರಾ?"

"ಮೊದಲ್ನೇ ಹಾಲ್ ಯಾವ್ದ್?"

ಅವರು ನನ್ನ ಮುಖ ನೋಡಿದರು. ನಾನು ಅರ್ಥ ಹೇಳಿದೆ. "ಹಾಂಗಾರೆ ಎವಿಐ. ಅದ್ನ್ ಹಿಂಡುದೇ ಕಮ್ಮಿ. ಆದ್ರೆ ಭಾರಿ ದೊಡ್ಡದ್, ಒಂದ್ ಹಾರ್ಡ್‌ಡಿಸ್ಕ್ ಬೇಕಾತ್ತ್." ಕಾಪಿಡಲು ಅದೊಂದು, ಮೊಬೈಲಿನಲ್ಲಿ ನೋಡಲು ಸಣ್ಣದೊಂದು ಎಂದು ನಾನು ತೀರ್ಪು ಕೊಟ್ಟೆ. ನೀವೂ ಹೀಗೇ ಮಾಡಿ. ಒಂದು ಪ್ರತಿ ಬೇರೆ ಮನೆಯಲ್ಲೂ ಇರಲಿ. ಒರಳು ತೊಳೆದ ನೀರಿಗೆ ಭಾವ ಒಪ್ಪಿದ್ದು ಅದೇ ಮೊದಲು.

ಪರದೆಯ ಮೇಲೆ ಅಕ್ಕ ಒಂದೊಂದಾಗಿ ಬಂದಳು. ಬಾವಿಕಟ್ಟೆ. ತೆಂಗಿನಕಾಯಿ. ಹಸಿರು ಸೀರೆ. ಭಾವ ಕಣ್ಣು ಮಿಟುಕಿಸದೆ ನೋಡಿದರು. ಕೊನೆಯ ಕ್ಯಾಸೆಟ್ಟಿಗೆ ಬಂದಾಗ ಪರದೆ ಪೂರ್ತಿ ಕಪ್ಪಾಯಿತು.

"ಇದ್ರಂಗೆ ಎಂತದೂ ಇಲ್ಲೆ. ಲೆನ್ಸಿನ್ ಕ್ಯಾಪ್ ತೆಗೀದೆ ಚಾಲೂ ಮಾಡಿದ್ರಿ ಕಾಂತ್. ತೆಗ್ದ್ ಹಾಕ್ತೆ, ಆಯ್ತಾ?"

"ತಡೀರಿ," ಅಂದರು ಭಾವ. "ಸೌಂಡ್ ಜೋರ್ ಮಾಡಿ."

ಕತ್ತಲೊಳಗೆ ಕಾಗೆ ಕೂಗಿತು. ಮೆಟ್ಟುಕತ್ತಿಯ ಮೇಲೆ ಬಸಳೆ ದಂಟು ಕೊಚ್ಚುವ ಸದ್ದು. ದೂರದಲ್ಲಿ ಬೈಂದೂರು ಸ್ಟೇಷನ್ ದಾಟುವ ರೈಲು. ಆಮೇಲೆ ಅಕ್ಕನ ದನಿ, ಹೊಸ್ತಿಲಾಚೆ ಕೂತು ಮಾತಾಡಿದಷ್ಟು ಹತ್ತಿರ.

"ಹ್ವಾಯ್, ಅದೆಂತ ಕೆಂಪ್ ದೀಪ ಉರೀತಾ ಇತ್ತ್?"

"ಹೊಸ ಬ್ಯಾಟ್ರಿ. ಎಷ್ಟೊತ್ತ್ ಬತ್ತ್ ಅಂದ್ ಟೆಸ್ಟ್."

"ಇವತ್ತ್ ಅದ್ರ್ ಹಿಂದ್ ನಿಲ್ಲೂದಿಲ್ಯಾ?"

"ಇಲ್ಲೆ. ಇಲ್ಲೇ ಕೂಕಂತೆ."

ದಂಟು ಕೊಚ್ಚುವ ಸದ್ದು ನಿಂತಿತು.

"ಇಷ್ಟ್ ವರ್ಷ ನನ್ನ್ ಟೆಸ್ಟ್ ಮಾಡಿದ್ರಿ. ನಾನ್ ಪಾಸಾ?"

ಆಮೇಲೆ ಭಾವನ ದನಿ: "ಅಡ್ಡಿಲ್ಲೆ."

ಅಕ್ಕ ನಕ್ಕಳು. ಆ ನಗು ಬೇರೆ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಉಳಿದದ್ದರಲ್ಲೆಲ್ಲ ಅವಳು ಕ್ಯಾಮೆರಾಕ್ಕೆ ಮುಖ ಗಂಟಿಕ್ಕಿಕೊಂಡೇ ನಿಂತಿದ್ದವಳು.

ಆ ಹೆಂಗಸು ಮೌಸಿನ ಮೇಲಿಂದ ಕೈ ತೆಗೆದರು. ಏನಾದರೂ ಹೇಳಬೇಕಲ್ಲ ಎಂದು ನಾನು ಕೇಳಿದೆ: "ಭಾವ, ಕ್ಯಾಪ್ ಹಾಕಿದ್ದ್ ಕಾಣ್ಲೇ ಇಲ್ಯಾ ನಿಮ್ಗೆ?"

"ನಾನ್ ಅವತ್ತ್ ಕ್ಯಾಮೆರಾ ಕಾಂತಾ ಇರ್ಲಿಲ್ಲ ಮಾರಾಯಾ. ನಿನ್ನ್ ಅಕ್ಕನ್ನೇ ಕಾಂತಿದ್ದೆ."

"ಚಿತ್ರ ಇಲ್ಯಲೆ ಅಜ್ಜಾ," ಎಂದು ಆ ಹೆಂಗಸು ಮೆಲ್ಲಗೆ ಹೇಳಿದರು, "ಬರೀ ಸೌಂಡ್ ಮಾಡಿ ಕೊಡ್ತೆ, ಸಣ್ಣದಾತ್ತ್."

"ಬ್ಯಾಡ. ವಿಡಿಯೋನೇ ಇರ್ಲಿ. ಹಿಂಡ್ಬೇಡಿ."

ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಚೌಕಾಸಿ ಮಾಡದೆ ಎದ್ದು ಬಂದೆ.

ಹಿಂದಿರುಗುವಾಗ ಅದೇ ಬಸ್ಸು, ಅದೇ ಕಂಡಕ್ಟರ್. ಭಾವ ಕಿಟಕಿಯ ಬದಿ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ನನ್ನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಪರದೆ ಕಪ್ಪು. ತೆಕ್ಕಟ್ಟೆ ದಾಟಿದರೂ ಕಣ್ಣು ಎತ್ತಲಿಲ್ಲ. ಕಂಡಕ್ಟರ್ ಬಗ್ಗಿ ನೋಡಿದ.

"ಅಜ್ಜಾ, ಮೊಬೈಲ್ ಆಫ್ ಆಯ್ತಲೆ? ಎಂತದೂ ಕಾಂತಿಲ್ಲೆ."

"ಇಲ್ಲ ಮಾರಾಯಾ," ಅಂದರು ಭಾವ, ಪರದೆಯಿಂದ ಕಣ್ಣು ಕೀಳದೆ. "ಲಾಯ್ಕ್ ಕಾಂತಿತ್ತ್."